ಹಳೇ ಹಾಲಿವುಡ್ ಫೋಟೋ, ಕಾಸ್ಟ್ಯೂಮ್ ಅಸಲೀನಾ ಅಂತ ಪತ್ತೆ ಮಾಡೋಕೆ ಯಾವ ದಾರಿ ಹಿಡೀಬೇಕು?

ಆನ್‌ಲೈನ್ ಹರಾಜಲ್ಲಿ 1930-40ರ ದಶಕದ ಹಾಲಿವುಡ್ ಪಬ್ಲಿಸಿಟಿ ಫೋಟೋ ಒಂದು ಕಣ್ಣಿಗೆ ಬೀಳುತ್ತೆ, ಕೆಳಗೆ "ಒರಿಜಿನಲ್ ವಿಂಟೇಜ್" ಅಂತ ಬರ್ದಿರ್ತಾರೆ, ರೇಟೂ ಪರವಾಗಿಲ್ಲ ಅನ್ಸುತ್ತೆ. ಆಮೇಲೆ ಶುರುವಾಗುತ್ತೆ ಗೊಂದಲ. ನಾನೇ ನೋಡಿ ತೀರ್ಮಾನ ಮಾಡ್ಲಾ, ಗೊತ್ತಿರೋ ಎಕ್ಸ್‌ಪರ್ಟ್ ಒಬ್ಬರಿಗೆ ದುಡ್ಡು ಕೊಟ್ಟು ಕೇಳ್ಲಾ, ಅಮೆರಿಕದ ಲೈಬ್ರರಿಗೆ ಮೇಲ್ ಹಾಕ್ಲಾ, ಇಲ್ಲಾ ಲ್ಯಾಬಿಗೆ ಕಳಿಸ್ಲಾ? ಕಾಸ್ಟ್ಯೂಮ್ ಆದ್ರಂತೂ ಲಕ್ಷಗಟ್ಟಲೆ ಮಾತು, ಅಲ್ಲಿ ಭಯ ಇನ್ನೂ ಜಾಸ್ತಿ. ಈ ನಾಲ್ಕೈದು ದಾರಿಗಳಲ್ಲಿ ಯಾವುದು ಯಾರಿಗೆ ಸರಿ ಅಂತ ಇಲ್ಲಿ ಬಿಡಿಸಿ ಹೇಳ್ತೀನಿ.

ದಾರಿ ಆರಿಸೋಕೆ ಮುಂಚೆ ನಿಮ್ಮ ಪ್ರಶ್ನೆ ಏನು ಅನ್ನೋದು ಗಟ್ಟಿ ಆಗ್ಬೇಕು. "ಅಸಲೀನಾ" ಅನ್ನೋ ಒಂದು ಪ್ರಶ್ನೆ ಒಳಗೆ ಐದು ಪ್ರಶ್ನೆ ಇದಾವೆ. ಫೋಟೋ ತೆಗೆದಿದ್ದು ಯಾವಾಗ? ಈ ಪ್ರಿಂಟ್ ಹಾಕಿದ್ದು ಯಾವಾಗ? ತೆಗೆದೋರು ಯಾರು? ಬಟ್ಟೆ ಆದ್ರೆ ಯಾವ ಸಿನಿಮಾಗೆ ಹೊಲಿದಿದ್ದು, ಯಾರು ಹಾಕ್ಕೊಂಡಿದ್ರು? ಕೊನೇದಾಗಿ, ಈಗ ಮಾರ್ತಿರೋರಿಗೆ ಅದನ್ನ ಮಾರೋ ಹಕ್ಕು ಇದೆಯಾ? ಇವು ಐದೂ ಬೇರೆ ಬೇರೆ, ಒಂದಕ್ಕೆ ಉತ್ತರ ಸಿಕ್ಕಿದ ತಕ್ಷಣ ಉಳಿದಿದ್ದಕ್ಕೂ ಸಿಕ್ತು ಅಂದ್ಕೊಂಡು ಜನ ದುಡ್ಡು ಕಳ್ಕೊಳ್ತಾರೆ.

ಜಾರ್ಜ್ ಹರೆಲ್ ಹೆಸರು ಕೇಳಿರಬಹುದು, 1930ರಿಂದ ಎಂಜಿಎಂ ಸ್ಟುಡಿಯೋದಲ್ಲಿ, ಆಮೇಲೆ ಸ್ವಂತ ಸ್ಟುಡಿಯೋ ಇಟ್ಟು ಸ್ಟಾರ್‌ಗಳ ಪೋರ್ಟ್ರೇಟ್ ತೆಗೆದೋರು. ಅದೇ ಹಳೇ ಚಿತ್ರಗಳನ್ನ ದಶಕಗಳು ಕಳೆದ ಮೇಲೆ ಮತ್ತೆ ಪ್ರಿಂಟ್ ಹಾಕಿ ಸಹಿ ಮಾಡಿ ಮಾರಿದ್ದೂ ಅವರೇ. ಚಿತ್ರ ಅವರದ್ದೇ, ಸಹಿ ಅಸಲಿ, ಆದ್ರೆ ಪ್ರಿಂಟ್ 1930ರದ್ದಲ್ಲ. ಅದು ಮೋಸ ಏನಲ್ಲ, ಆ ಪ್ರಿಂಟ್‌ಗೂ ಅದರದ್ದೇ ಬೆಲೆ ಇದೆ, ಬರೀ 1930ರ ಪ್ರಿಂಟಿನ ಬೆಲೆ ಅಲ್ಲ ಅಷ್ಟೇ.

ಅಳತೆಗೋಲು ನಾನು ಇಟ್ಕೊಂಡಿರೋದು ಇವು: ಆ ದಾರಿ ಐದರಲ್ಲಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತೆ, ಖರ್ಚೆಷ್ಟು, ಭಾರತದಲ್ಲಿ ಕೂತು ಮಾಡಬಹುದಾ, ವಸ್ತುಗೆ ಏನಾದ್ರೂ ಹಾನಿ ಆಗುತ್ತಾ, ಮತ್ತೆ ಉತ್ತರ ಕೊಡೋರಿಗೆ ಆ ವಸ್ತು ಮಾರಾಟ ಆಗೋದ್ರಲ್ಲಿ ಲಾಭ ಇದೆಯಾ. ಕೊನೇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ.

ದಾರಿ ಒಂದು: ವಸ್ತುವನ್ನೇ ಓದೋದು

ಫೋಟೋಗೆ ಇದಕ್ಕಿಂತ ಒಳ್ಳೆ ಆರಂಭ ಇಲ್ಲ. ಎಲ್ಲರೂ ಮುಂದಿನ ಮುಖ ನೋಡ್ತಾರೆ, ನೀವು ಹಿಂಭಾಗ ನೋಡಿ. ಮಾರೋರು ಹಿಂಭಾಗದ ಫೋಟೋ ಹಾಕಿಲ್ಲ ಅಂದ್ರೆ ಕೇಳಿ ತರಿಸ್ಕೊಳ್ಳಿ, ಕೊಡಲ್ಲ ಅಂದ್ರೆ ಬಿಟ್ಬಿಡಿ. ಸ್ಟುಡಿಯೋಗಳು ಪತ್ರಿಕೆಗಳಿಗೆ ಕಳಿಸ್ತಿದ್ದ 8x10 ಇಂಚಿನ ಪ್ರಿಂಟ್‌ಗಳ ಹಿಂದೆ ಟೈಪ್ ಮಾಡಿದ ಅಥವಾ ಸೈಕ್ಲೋಸ್ಟೈಲ್ ಮಾಡಿದ ವಿವರದ ಚೀಟಿ ಅಂಟಿಸ್ತಿದ್ರು, ಇದಕ್ಕೆ ಸಂಗ್ರಾಹಕರು ಸ್ನೈಪ್ ಅಂತಾರೆ. ಜೊತೆಗೆ ಫೋಟೋಗ್ರಾಫರ್ ಸೀಲು ಇರಬಹುದು, ಎಂಜಿಎಂನ ಕ್ಲಾರೆನ್ಸ್ ಸಿಂಕ್ಲೇರ್ ಬುಲ್ ಇರಬಹುದು, 1925ರಿಂದ 1929ರವರೆಗೆ ಅಲ್ಲೇ ಪೋರ್ಟ್ರೇಟ್ ತೆಗೀತಿದ್ದ ರೂತ್ ಹ್ಯಾರಿಯೆಟ್ ಲೂಯಿಸ್ ಇರಬಹುದು, ಆರ್‌ಕೆಓ ಸ್ಟುಡಿಯೋದ ಅರ್ನೆಸ್ಟ್ ಬಾಕ್‌ರಾಕ್ ಇರಬಹುದು. 1930ರ ದಶಕದ ಕೆಲವು ಪ್ರಿಂಟ್‌ಗಳ ಹಿಂದೆ ಅಡ್ವರ್ಟೈಸಿಂಗ್ ಅಡ್ವೈಸರಿ ಕೌನ್ಸಿಲ್ ಒಪ್ಪಿಗೆಯ ಸೀಲೂ ಸಿಗುತ್ತೆ, ಯಾಕಂದ್ರೆ ಆಗ ಸಿನಿಮಾ ಉದ್ಯಮವೇ ತನ್ನ ಜಾಹೀರಾತು ಫೋಟೋಗಳನ್ನ ಸೆನ್ಸಾರ್ ಮಾಡ್ಕೊಳ್ತಿತ್ತು. ಪತ್ರಿಕೆ ಆಫೀಸಿನ ತಾರೀಖಿನ ಸೀಲು ಇದ್ರೆ ಇನ್ನೂ ಒಳ್ಳೇದು, ಆದ್ರೆ ಹುಷಾರು, ಆ ತಾರೀಖು ಪತ್ರಿಕೆ ಫೋಟೋ ಬಳಸಿದ ದಿನ, ತೆಗೆದ ದಿನ ಅಲ್ಲ. ನಟ ತೀರಿಕೊಂಡಾಗ ಇಪ್ಪತ್ತು ವರ್ಷದ ಹಳೇ ಫೋಟೋ ಹುಡುಕಿ ತೆಗೆದು ಹಾಕೋದು ಎಲ್ಲಾ ಪತ್ರಿಕೆಗಳಲ್ಲೂ ಇದ್ದಿದ್ದೇ.

ಮುಂಭಾಗದ ಮೂಲೆಯಲ್ಲಿ ಸಣ್ಣದಾಗಿ ನಂಬರ್ ಇರುತ್ತೆ, ನೆಗೆಟಿವ್ ಮೇಲೇ ಬರ್ದಿದ್ದು. ಸಾಮಾನ್ಯವಾಗಿ ಮೊದಲ ಭಾಗ ಸಿನಿಮಾದ ಪ್ರೊಡಕ್ಷನ್ ನಂಬರ್, ಡ್ಯಾಶ್ ಆದ್ಮೇಲೆ ಸ್ಟಿಲ್ ನಂಬರ್ (ಸ್ಟಿಲ್ ಅಂದ್ರೆ ಸಿನಿಮಾ ಪ್ರಚಾರಕ್ಕೆ ಅಂತ ತೆಗೆದ ಫೋಟೋ). 'ದಿ ವಿಝರ್ಡ್ ಆಫ್ ಆಝ್'ಗೆ ಎಂಜಿಎಂ ಕೊಟ್ಟ ನಂಬರ್ 1060, 'ಗಾನ್ ವಿತ್ ದಿ ವಿಂಡ್' ಸ್ಟಿಲ್‌ಗಳ ಮೇಲೆ ಸೆಲ್ಝ್‌ನಿಕ್ ಕಂಪನಿಯ ಎಸ್‌ಐಪಿ-108. ಹೆಸರಿಲ್ಲದ ಫೋಟೋಗೆ ಸಿನಿಮಾ ಹುಡುಕೋಕೆ ಈ ಕೋಡ್‌ನಷ್ಟು ಉಪಯೋಗ ಆಗೋದು ಬೇರೆ ಇಲ್ಲ, ಸಂಗ್ರಾಹಕರು ಇವುಗಳ ಪಟ್ಟಿಗಳನ್ನೂ ಮಾಡಿದ್ದಾರೆ. ಇನ್ನೊಂದು, ಕೆಳಗಿನ ಅಂಚಲ್ಲಿ ನ್ಯಾಷನಲ್ ಸ್ಕ್ರೀನ್ ಸರ್ವಿಸ್ (ಥಿಯೇಟರ್‌ಗಳಿಗೆ ಪ್ರಚಾರದ ಸಾಮಾನು ಹಂಚ್ತಿದ್ದ ಕಂಪನಿ) ಅಂತ ಅಚ್ಚಾಗಿದ್ರೆ ಪಕ್ಕದಲ್ಲಿ 53/ ಥರ ವರ್ಷದ ಎರಡು ಅಂಕಿ, ಆಮೇಲೆ ಒಂದು ನಂಬರ್ ಇರುತ್ತೆ. ವರ್ಷದ ಮುಂದೆ ಆರ್ ಅಕ್ಷರ ಇದ್ರೆ ಅದು ರೀ-ರಿಲೀಸ್ ಮಾಲು. 1939ರ ವಿಝರ್ಡ್ ಆಫ್ ಆಝ್ 1949ರಲ್ಲಿ, 1955ರಲ್ಲಿ ಮತ್ತೆ ಥಿಯೇಟರಿಗೆ ಬಂತು, ಆಗಲೂ ಹೊಸದಾಗಿ ಸ್ಟಿಲ್ ಪ್ರಿಂಟ್ ಹಾಕಿದ್ರು. ಅವೂ ಈಗ ಹಳೇವೇ, ಆದ್ರೆ 1939ರವಲ್ಲ.

ಆಮೇಲೆ ಕಾಗದ. ಹಳೇ ಸ್ಟಿಲ್ ಫೈಬರ್ ಕಾಗದದ ಮೇಲಿರುತ್ತೆ, ವಾರೆಯಾಗಿ ಬೆಳಕಿಗೆ ಹಿಡಿದ್ರೆ ಕಪ್ಪು ಭಾಗದಲ್ಲಿ, ಅಂಚಲ್ಲಿ ಬೆಳ್ಳಿ ಹೊಳಪು ಎದ್ದಿರೋದು ಎಷ್ಟೋ ಸಲ ಕಾಣುತ್ತೆ. ಪ್ಲಾಸ್ಟಿಕ್ ಪದರ ಇರೋ ನಯವಾದ ಆರ್‌ಸಿ ಕಾಗದ ಚಾಲ್ತಿಗೆ ಬಂದಿದ್ದು 1970ರ ಆಸುಪಾಸು. ಕೆಲವೇ ನೂರು ರೂಪಾಯಿಗೆ ಸಿಗೋ ಯುವಿ ಟಾರ್ಚ್ ತಗೊಂಡು ಕತ್ತಲೆ ಕೋಣೇಲಿ ಪ್ರಿಂಟಿನ ಮೇಲೆ ಬಿಡಿ, ನೀಲಿ-ಬಿಳಿಯಾಗಿ ಜಗ್ ಅಂತ ಹೊಳೆದ್ರೆ ಆ ಕಾಗದದಲ್ಲಿ ಬಿಳುಪು ಹೆಚ್ಚಿಸೋ ರಾಸಾಯನಿಕ ಇದೆ ಅಂತ ಅರ್ಥ, ಫೋಟೋ ಕಾಗದದಲ್ಲಿ ಅದನ್ನ ಬಳಸೋಕೆ ಶುರು ಮಾಡಿದ್ದು 1950ರ ದಶಕದಲ್ಲಿ. ಹಾಗಾಗಿ ಹೊಳೆಯೋ ಪ್ರಿಂಟನ್ನ 1935ರದ್ದು ಅಂದ್ರೆ ನಂಬಬೇಡಿ. ಆದ್ರೆ ಹೊಳೀಲಿಲ್ಲ ಅಂದ ಮಾತ್ರಕ್ಕೆ ಹಳೇದು ಅಂತ ಸಾಬೀತಾಗಲ್ಲ, ಆ ರಾಸಾಯನಿಕ ಹಾಕದ ಕಾಗದ ಆಮೇಲೂ ಬಂದಿದೆ. ಹೊಸದನ್ನ ಹಿಡಿದುಹಾಕೋಕೆ ಈ ಟೆಸ್ಟ್ ಸರಿ, ಹಳೇದು ಅಂತ ಸರ್ಟಿಫಿಕೇಟ್ ಕೊಡೋಕಲ್ಲ.

ಖರ್ಚು ಕಮ್ಮಿ, ಹಾನಿ ಇಲ್ಲ, ಮನೇಲೇ ಆಗುತ್ತೆ. ಕೊರತೆ ಅಂದ್ರೆ ವಸ್ತು ಕೈಗೆ ಬರೋವರೆಗೂ ಕಾಗದದ ಪರೀಕ್ಷೆ ಆಗಲ್ಲ, ಅದಕ್ಕೇ ವಾಪಸ್ ತಗೊಳ್ಳೋ ಷರತ್ತು ಇರೋ ಕಡೆನೇ ಕೊಳ್ಳಿ.

ಬಟ್ಟೆಗೂ ಇದೇ ಕೆಲಸ, ಸ್ವಲ್ಪ ಕಷ್ಟ. ಒಳಗಡೆ ತಿರುಗಿಸಿ ನೋಡಿ, ಸ್ಟುಡಿಯೋ ಅಥವಾ 1912ರಿಂದ ಇರೋ ವೆಸ್ಟರ್ನ್ ಕಾಸ್ಟ್ಯೂಮ್ ಕಂಪನಿ ಲೇಬಲ್ ಇರಬಹುದು, ಅದರಲ್ಲಿ ನಟರ ಹೆಸರು, ನಂಬರ್, ಅಳತೆ ಬರ್ದಿರ್ತಾರೆ. ಕಾಸ್ಟ್ಯೂಮ್‌ಗಳು ಬಾಡಿಗೆಗೆ ಹೋಗ್ತಿದ್ವು, ಬೇರೆ ಸಿನಿಮಾಗೆ ಅಂತ ಬಿಚ್ಚಿ ಮತ್ತೆ ಹೊಲೀತಿದ್ರು, ಅಂಚು ಇಳಿಸ್ತಿದ್ರು, ಹಾಗಾಗಿ ಒಂದೇ ಬಟ್ಟೇಲಿ ಎರಡು ಮೂರು ಕಾಲದ ಹೊಲಿಗೆ ಇದ್ರೆ ಅದು ನಕಲಿ ಅಂತಲ್ಲ. 1930ರ ದಶಕದ್ದು ಅನ್ನೋ ಗೌನಲ್ಲಿ ಪಾಲಿಯೆಸ್ಟರ್ ದಾರ ಅಥವಾ ನೈಲಾನ್ ಝಿಪ್ ಕಂಡ್ರೆ ಕನಿಷ್ಠ ಆ ಭಾಗ ಆಮೇಲಿಂದು. ಒಳ್ಳೆ ಅನುಭವ ಇರೋ ಟೈಲರ್ ಒಬ್ಬರನ್ನ ಪಕ್ಕದಲ್ಲಿ ಕೂರಿಸ್ಕೊಂಡು ನೋಡಿ, ಹೊಲಿಗೆ ಬಿಚ್ಚಿದ ಗುರುತು, ಕಾಜಾ ಜಾಗ ಬದಲಾಗಿರೋದು ಅವರ ಕಣ್ಣಿಗೆ ಬೀಳೋ ಹಾಗೆ ನಮಗೆ ಬೀಳಲ್ಲ. ಲೇಬಲ್ ಒಂದನ್ನೇ ನಂಬಬೇಡಿ, ಲೇಬಲ್ ಬಿಚ್ಚಿ ಇನ್ನೊಂದಕ್ಕೆ ಹೊಲಿಯೋದು ಐದು ನಿಮಿಷದ ಕೆಲಸ.

ದಾರಿ ಎರಡು: ಪುಕ್ಕಟೆ ಸಿಗೋ ಡಿಜಿಟಲ್ ಸಂಗ್ರಹ

ಮನೇಲಿ ಕೂತು ಮಾಡೋರಿಗೆ ಇದು ವರ. ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಅನ್ನೋದು ಹಳೇ ಫ್ಯಾನ್ ಮ್ಯಾಗಝಿನ್, ಸಿನಿಮಾ ವ್ಯಾಪಾರದ ಪತ್ರಿಕೆಗಳನ್ನ ಲಕ್ಷಾಂತರ ಪುಟ ಸ್ಕ್ಯಾನ್ ಮಾಡಿ ಇಟ್ಟಿದೆ, ಲ್ಯಾಂಟರ್ನ್ ಅನ್ನೋ ಅದರ ಸರ್ಚ್‌ನಲ್ಲಿ ನಟರ ಹೆಸರು, ವರ್ಷ ಹಾಕಿ ಹುಡುಕಬಹುದು. ಫೋಟೋಪ್ಲೇ, ಮಾಡರ್ನ್ ಸ್ಕ್ರೀನ್ ಥರದ ಪತ್ರಿಕೆಗಳು ಇದೇ ಪಬ್ಲಿಸಿಟಿ ಫೋಟೋಗಳನ್ನ ಫೋಟೋಗ್ರಾಫರ್ ಹೆಸರು ಹಾಕಿ ಅಚ್ಚು ಮಾಡ್ತಿದ್ವು. ನಿಮ್ಮ ಕೈಲಿರೋ ಫೋಟೋ 1934ರ ಸಂಚಿಕೇಲಿ ಕಂಡ್ರೆ ಚಿತ್ರ ತೆಗೆದಿದ್ದು ಅದಕ್ಕಿಂತ ಮುಂಚೆ ಅಂತ ಪಕ್ಕಾ, ತೆಗೆದೋರ ಹೆಸರೂ ಸಿಕ್ಕಿರುತ್ತೆ. ಪ್ರಿಂಟಿನ ವಯಸ್ಸು ಮಾತ್ರ ಇದರಿಂದ ಗೊತ್ತಾಗಲ್ಲ, ಅದಕ್ಕೆ ಮೊದಲ ದಾರೀನೇ ಬೇಕು. ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕದಲ್ಲಿ ಹಳೇ ಪತ್ರಿಕೆಗಳೂ ಪುಕ್ಕಟೆ ಇದಾವೆ.

ನಮ್ಮ ಕಡೆಯವರಿಗೆ ಒಂದು ಒಳ್ಳೆ ಅಭ್ಯಾಸ ಸಾಬು ಫೋಟೋಗಳು. ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತರ ಮನೆ ಹುಡುಗ, ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಕಣ್ಣಿಗೆ ಬಿದ್ದು 1937ರ 'ಎಲಿಫೆಂಟ್ ಬಾಯ್'ನಲ್ಲಿ ನಟಿಸಿ, ಕೊನೆಗೆ ಹಾಲಿವುಡ್ ಸೇರಿದ. ಅವನ ಫೋಟೋಗಳು ಕರ್ನಾಟಕದಲ್ಲಿ ತುಂಬಾ ಜನ ಹುಡುಕ್ತಾರೆ, ಆದ್ರೆ ಎಲ್ಲಾನೂ "ಹಾಲಿವುಡ್ ಸ್ಟಿಲ್" ಅಂತ ಒಂದೇ ಗಂಟಲ್ಲಿ ಕಟ್ಟಿ ಮಾರ್ತಾರೆ. ಎಲಿಫೆಂಟ್ ಬಾಯ್ ಹಾಲಿವುಡ್ ಸಿನಿಮಾನೇ ಅಲ್ಲ, ಅಲೆಕ್ಸಾಂಡರ್ ಕೊರ್ಡಾರ ಲಂಡನ್ ಫಿಲ್ಮ್ಸ್‌ದು, ಮೈಸೂರು ಸೀಮೇಲಿ ಶೂಟಿಂಗ್ ಆಗಿ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಮುಗಿದಿದ್ದು. 1940ರ 'ದಿ ಥೀಫ್ ಆಫ್ ಬಾಗ್ದಾದ್' ಬ್ರಿಟನ್ನಲ್ಲಿ ಶುರುವಾಗಿ ಯುದ್ಧದಿಂದಾಗಿ ಅಮೆರಿಕದಲ್ಲಿ ಪೂರ್ತಿಯಾಯ್ತು, ಹಂಚಿದ್ದು ಯುನೈಟೆಡ್ ಆರ್ಟಿಸ್ಟ್ಸ್. 1942ರಿಂದ 'ಅರೇಬಿಯನ್ ನೈಟ್ಸ್', ಆಮೇಲೆ 'ಕೋಬ್ರಾ ವುಮನ್' ಥರದವು ಯೂನಿವರ್ಸಲ್‌ದು. ಹಾಗಾಗಿ ಹಿಂದಿನ ಸೀಲು ಯಾವ ಕಂಪನಿದು, ಯಾವ ದೇಶದ್ದು ಅನ್ನೋದು ಅವನ ವಯಸ್ಸು, ಸಿನಿಮಾ ಎರಡಕ್ಕೂ ಹೊಂದಬೇಕು. ಆನೆ ಜೊತೆ ಇರೋ ಪುಟ್ಟ ಸಾಬು, ಹಿಂದೆ ಯೂನಿವರ್ಸಲ್ ಸೀಲು ಅಂದ್ರೆ ಅದು ಆಮೇಲೆ ಪ್ರಚಾರಕ್ಕೆ ಅಂತ ಕಾಪಿ ಹೊಡೆದ ಪ್ರಿಂಟ್ ಇರಬಹುದು, ಕೇಳಿ ನೋಡಿ.

ದಾರಿ ಮೂರು: ಆರ್ಕೈವ್ ಕಡತಗಳು

ಕಾಸ್ಟ್ಯೂಮ್ ವಿಷಯ ಬಂದ್ರೆ ನನ್ನ ಒಲವು ಪೂರ್ತಿ ಈ ಕಡೆಗೇ. ಬೆವರ್ಲಿ ಹಿಲ್ಸ್‌ನಲ್ಲಿರೋ ಆಸ್ಕರ್ ಅಕಾಡೆಮಿಯ ಮಾರ್ಗರೆಟ್ ಹೆರಿಕ್ ಲೈಬ್ರರೀಲಿ ಒಂದು ಕೋಟಿಗೂ ಹೆಚ್ಚು ಫೋಟೋ ಇದಾವೆ, ಜೊತೆಗೆ ಕಾಸ್ಟ್ಯೂಮ್ ಸ್ಕೆಚ್‌ಗಳು, ಸೆನ್ಸಾರ್ ಕಡತಗಳು. ವಾರ್ನರ್ ಬ್ರದರ್ಸ್ ಹಳೇ ದಾಖಲೆ ಲಾಸ್ ಏಂಜಲಿಸ್‌ನ ಯುಎಸ್‌ಸಿ ಯೂನಿವರ್ಸಿಟಿ ಹತ್ರ, ಸೆಲ್ಝ್‌ನಿಕ್ ಕಾಗದಪತ್ರ ಆಸ್ಟಿನ್‌ನ ಹ್ಯಾರಿ ರಾನ್ಸಮ್ ಸೆಂಟರ್‌ನಲ್ಲಿ, ಅಲ್ಲೇ 'ಗಾನ್ ವಿತ್ ದಿ ವಿಂಡ್'ನ ಸ್ಕಾರ್ಲೆಟ್ ಪಾತ್ರಕ್ಕೆ ವಾಲ್ಟರ್ ಪ್ಲಂಕೆಟ್ ವಿನ್ಯಾಸ ಮಾಡಿದ, ಕಥೇಲಿ ಕಿಟಕಿ ಪರದೆಯಿಂದ ಹೊಲಿದ ಹಸಿರು ಗೌನೂ ಇದೆ.

ಇಲ್ಲಿ ಹುಡುಕಬೇಕಾಗಿರೋದು ಪಬ್ಲಿಸಿಟಿ ಪೋರ್ಟ್ರೇಟ್ ಅಲ್ಲ, ವಾರ್ಡ್‌ರೋಬ್ ಟೆಸ್ಟ್ ಫೋಟೋ. ಶೂಟಿಂಗ್‌ಗೆ ಮುಂಚೆ ನಟಿಗೆ ಬಟ್ಟೆ ಹಾಕಿಸಿ, ಮುಂದೆ ಒಂದು ಹಲಗೆ ಇಟ್ಟು, ಅದರಲ್ಲಿ ಸಿನಿಮಾ ನಂಬರ್, ಪಾತ್ರ, ಎಷ್ಟನೇ ಉಡುಪು, ಯಾವ ದೃಶ್ಯಕ್ಕೆ ಅಂತೆಲ್ಲ ಬರೆದು ತೆಗೀತಿದ್ರು. ಬಟ್ಟೆಗೂ ಸಿನಿಮಾಗೂ ನೇರವಾಗಿ ಗಂಟು ಹಾಕೋ ದಾಖಲೆ ಅಂದ್ರೆ ಇದೇ. ಸ್ಟುಡಿಯೋ ಪೋರ್ಟ್ರೇಟ್ ಗ್ಯಾಲರೀಲಿ ತೆಗೆದ ಗ್ಲಾಮರ್ ಫೋಟೋದಲ್ಲಿ ನಟಿ ಹಾಕಿರೋ ಗೌನು ಆ ಸಿನಿಮಾದಲ್ಲಿ ಬಂದೇ ಇಲ್ಲದಿರಬಹುದು, ವಾರ್ಡ್‌ರೋಬಿಂದ ಯಾವುದೋ ಒಂದನ್ನ ತಂದು ಹಾಕಿಸಿರ್ತಾರೆ. ಡಿಸೈನರ್ ಸ್ಕೆಚ್ ಕೂಡ ಸಾಕಾಗಲ್ಲ, ಸ್ಕೆಚ್ ಆದ್ಮೇಲೆ ಬಟ್ಟೆ ಎಷ್ಟೋ ಸಲ ಬದಲಾಗಿದೆ.

ತೊಂದರೆ ಏನಂದ್ರೆ ಕಡತ ಎಲ್ಲಾ ಆನ್‌ಲೈನ್ ಇಲ್ಲ, ಮುಂಚೆನೇ ಸಮಯ ಗೊತ್ತು ಮಾಡ್ಕೊಂಡು ಹೋಗಬೇಕು. ಭಾರತದಿಂದ ಆಗೋದು ಮೇಲ್ ಬರೆಯೋದು, ಅದೂ ಚುಟುಕಾಗಿ: ಸಿನಿಮಾ ಹೆಸರು, ಕೋಡ್, ನಿಮಗೆ ಬೇಕಾದ ಒಂದೇ ಒಂದು ಸಂಗತಿ. "ಇದರ ಬೆಲೆ ಎಷ್ಟು, ಇದು ಅಸಲೀನಾ" ಅಂತ ಕೇಳಿದ್ರೆ ಲೈಬ್ರರಿಯವರು ಹೇಳಲ್ಲ, ಅದು ಅವರ ಕೆಲಸ ಅಲ್ಲ. ಅಲ್ಲಿ ಸಂಬಂಧಿಕರೋ ಸ್ನೇಹಿತರೋ ಇದ್ರೆ ಒಂದು ಮಧ್ಯಾಹ್ನ ಹೋಗಿ ನೋಡ್ಕೊಂಡು ಬನ್ನಿ ಅನ್ನಿ, ಕ್ಯಾಲಿಫೋರ್ನಿಯಾದಲ್ಲಿ ಕನ್ನಡದೋರಿಗೇನು ಕಮ್ಮಿ ಇಲ್ಲ. ಇಲ್ಲಾಂದ್ರೆ ಗಂಟೆ ಲೆಕ್ಕದಲ್ಲಿ ದುಡ್ಡು ತಗೊಂಡು ಹುಡುಕಿಕೊಡೋ ಸಂಶೋಧಕರು ಇದ್ದಾರೆ. ನಿಧಾನ, ಆದ್ರೆ ಇಲ್ಲಿ ಸಿಗೋ ಉತ್ತರಕ್ಕೆ ಯಾರ ಲಾಭದ ಸೋಂಕೂ ಇರಲ್ಲ.

ದಾರಿ ನಾಲ್ಕು: ಹರಾಜು ಮನೆ, ಎಕ್ಸ್‌ಪರ್ಟ್ ಸರ್ಟಿಫಿಕೇಟ್

ಹೆರಿಟೇಜ್, ಜೂಲಿಯನ್ಸ್, ಬೊನ್‌ಹ್ಯಾಮ್ಸ್, ಪ್ರಾಪ್‌ಸ್ಟೋರ್ ಥರದ ಮನೆಗಳಲ್ಲಿ ನಿಜವಾಗ್ಲೂ ತಿಳಿದೋರು ಇದ್ದಾರೆ. ಬಟ್ಟೆಯ ಚೌಕುಳಿ ಗೆರೆ ಹೊಲಿಗೆ ಹತ್ರ ಎಲ್ಲಿ ಕಟ್ ಆಗುತ್ತೆ, ಲೇಸಿನ ಹೂವು ಕಾಲರ್‌ನಲ್ಲಿ ಎಲ್ಲಿ ಕೂರುತ್ತೆ ಅಂತ ಸಿನಿಮಾದ ಫ್ರೇಮ್ ಪಕ್ಕದಲ್ಲಿಟ್ಟು ಹೋಲಿಸ್ತಾರೆ, ಇದಕ್ಕೆ ಸ್ಕ್ರೀನ್ ಮ್ಯಾಚಿಂಗ್ ಅಂತಾರೆ. ಕೈಲಿ ಕತ್ತರಿಸಿದ ಬಟ್ಟೇಲಿ ಎರಡು ಒಂದೇ ಥರ ಬರೋದು ಅಪರೂಪ, ಅದಕ್ಕೇ ಇದು ಒಳ್ಳೆ ಸಾಕ್ಷಿ. ಒಳ್ಳೆ ಬ್ಲೂ-ರೇ ಇದ್ರೆ ನೀವೂ ಮಾಡಬಹುದು.

ಆದ್ರೆ ಹರಾಜು ಮನೆಗೆ ಮಾರಾಟದಿಂದ ಕಮಿಷನ್ ಬರುತ್ತೆ. ಅವರು ಸುಳ್ಳು ಹೇಳ್ತಾರೆ ಅಂತ ನಾನು ಹೇಳ್ತಿಲ್ಲ, ಸರ್ಟಿಫಿಕೇಟಲ್ಲಿ "ನಮ್ಮ ಅಭಿಪ್ರಾಯದಲ್ಲಿ" ಅಂತ ಇದೆಯಾ, ಅಥವಾ ಇಂಥ ಫ್ರೇಮಲ್ಲಿ ಇಂಥ ಗುರುತು ಹೊಂದುತ್ತೆ, ಇಂಥ ವರ್ಷ ಇಂಥ ಹರಾಜಲ್ಲಿ ಬಂತು ಅಂತ ಇದೆಯಾ ನೋಡಿ ಅಂತಿದ್ದೀನಿ. ಸಾಕ್ಷಿ ಬರೆಯದ ಸರ್ಟಿಫಿಕೇಟ್ ಎಷ್ಟೇ ದಪ್ಪ ಕಾಗದದಲ್ಲಿ ಇದ್ರೂ ಬರೀ ಮಾತು.

ವಿಝರ್ಡ್ ಆಫ್ ಆಝ್‌ನಲ್ಲಿ ಜೂಡಿ ಗಾರ್ಲಂಡ್ ಮಾಡಿದ ಡೊರೊಥಿ ಪಾತ್ರದ ಕೆಂಪು ರೂಬಿ ಚಪ್ಪಲಿ ಕಥೆ ನೋಡಿ. 1970ರಲ್ಲಿ ಎಂಜಿಎಂ ತನ್ನ ಹಳೇ ಸಾಮಾನೆಲ್ಲ ಹರಾಜು ಹಾಕಿದಾಗ ಒಂದು ಜೊತೆ 15,000 ಡಾಲರಿಗೆ ಹೋಯ್ತು. ಅದೊಂದೇ ಜೊತೆ ಇರೋದು ಅಂತ ಎಲ್ಲರೂ ಅಂದ್ಕೊಂಡಿದ್ರು, ಆದ್ರೆ ಟೆನಿಸ್ಸೀ ರಾಜ್ಯದ ಒಬ್ಬ ಮಹಿಳೆ ಹತ್ರ 1940ರ ಸ್ಪರ್ಧೇಲಿ ಗೆದ್ದ ಇನ್ನೊಂದು ಜೊತೆ ಇತ್ತು! ಸಿನಿಮಾಗೆ ಒಂದೇ ಉಡುಪಿಗೆ ಹಲವು ಜೊತೆ ಮಾಡಿಸೋದು ಮಾಮೂಲು, ಟೆಸ್ಟ್‌ಗೆ ಒಂದು, ಕ್ಲೋಸಪ್‌ಗೆ ಒಂದು, ಕುಣಿಯೋಕೆ ಒಂದು. ಹಾಗಾಗಿ "ಒಂದೇ ಒಂದು" ಅನ್ನೋ ಮಾತು ಕೇಳಿದ ಕೂಡಲೇ ಸಾಕ್ಷಿ ಎಲ್ಲಿ ಅಂತ ಕೇಳಿ.

ದಾರಿ ಐದು: ಲ್ಯಾಬ್, ಮ್ಯೂಸಿಯಂ ಮಟ್ಟದ ಪರೀಕ್ಷೆ

ಅದೇ ಚಪ್ಪಲಿಯ ಇನ್ನೊಂದು ಜೊತೆ 2005ರಲ್ಲಿ ಮಿನೆಸೋಟದ ಜೂಡಿ ಗಾರ್ಲಂಡ್ ಮ್ಯೂಸಿಯಂನಿಂದ ಕಳುವಾಗಿ 2018ರಲ್ಲಿ ಎಫ್‌ಬಿಐಗೆ ಸಿಕ್ತು. ಅಸಲೀನಾ ಅಂತ ನೋಡೋಕೆ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂಗೆ ತಂದ್ರು, ಅಲ್ಲಿ ಆಗಲೇ ಒಂದು ಜೊತೆ ಇತ್ತು. ಅಲ್ಲಿನ ತಜ್ಞರು ಚಪ್ಪಲಿ ಮೇಲಿನ ಬೋ ಆಕಾರದ ಗಂಟಿನ ಮೇಲೆ, ಕೆಂಪು ಬಣ್ಣ ಬಳಿದ ಪಾರದರ್ಶಕ ಗಾಜಿನ ಮಣಿ ಕಂಡುಹಿಡಿದ್ರು, ಸೆಟ್‌ನಲ್ಲೇ ಮಾಡಿದ ರಿಪೇರಿ ಇರಬೇಕು ಅದು, ಹೊರಗಿನೋರಿಗೆ ಗೊತ್ತಿರೋ ಚಾನ್ಸೇ ಇಲ್ಲ. ಇನ್ನೂ ಅಚ್ಚರಿ ಅಂದ್ರೆ ಎರಡೂ ಜೊತೆ ಅದಲು ಬದಲಾಗಿದ್ವು, ಇಲ್ಲಿನ ಎಡಗಾಲಿಂದಕ್ಕೆ ಅಲ್ಲಿನ ಬಲಗಾಲಿಂದು ಹೊಂದ್ತಿತ್ತು. ಆ ಕಳುವಾಗಿದ್ದ ಜೊತೆ 2024ರ ಡಿಸೆಂಬರಲ್ಲಿ ಕಮಿಷನ್ ಸೇರಿ 3.25 ಕೋಟಿ ಡಾಲರಿಗೆ ಮಾರಾಟ ಆಯ್ತು.

ಫೋಟೋದಲ್ಲೂ ಲ್ಯಾಬ್ ಶಕ್ತಿ ದೊಡ್ಡದು. ಹಾಲಿವುಡ್‌ದಲ್ಲ, ಆದ್ರೆ ಪಾಠ ಒಂದೇ: ಬಾಲಕಾರ್ಮಿಕರ ಫೋಟೋಗಳಿಗೆ ಹೆಸರಾದ ಲೂಯಿಸ್ ಹೈನ್ 1940ರಲ್ಲೇ ತೀರಿಕೊಂಡ್ರು. ಅವರೇ ಹಾಕಿದ ಪ್ರಿಂಟ್ ಅಂತ ಮಾರಿದ್ದ ಕೆಲವದರಲ್ಲಿ 1990ರ ದಶಕದ ಕೊನೇಲಿ ಫೋಟೋ ಸಂರಕ್ಷಕ ಪಾಲ್ ಮೆಸಿಯರ್ ಬಿಳುಪಿನ ರಾಸಾಯನಿಕ ಪತ್ತೆ ಮಾಡಿದ್ರು, ಅಂದ್ರೆ ಅವು ಹೈನ್ ಸತ್ತ ಎಷ್ಟೋ ವರ್ಷ ಆದ್ಮೇಲಿನ ಪ್ರಿಂಟ್‌ಗಳು. ಆದ್ರೆ ಲ್ಯಾಬ್ ಹೇಳೋದು ವಸ್ತುವಿನ ಕಾಲ ಮಾತ್ರ. ಯಾರು ಹಾಕ್ಕೊಂಡಿದ್ರು ಅಂತ ರಸಾಯನಶಾಸ್ತ್ರಕ್ಕೆ ಗೊತ್ತಾಗಲ್ಲ. ಖರ್ಚು ಜಾಸ್ತಿ, ಕೆಲವು ಪರೀಕ್ಷೆಗೆ ನೂಲೋ ಕಾಗದದ ನಾರೋ ಕೀಳಬೇಕು, ಸಾಗಿಸೋದೂ ಅಪಾಯ. ಸಾಮಾನ್ಯ ಸಂಗ್ರಾಹಕರಿಗೆ ಇದು ಬೇಡ.

ಹಾಗಾದ್ರೆ ಯಾರಿಗೆ ಯಾವುದು

ಎರಡು ಮೂರು ಸಾವಿರದ ಸ್ಟಿಲ್ ಆದ್ರೆ ಮೊದಲ ಎರಡು ದಾರಿ ಸಾಕು, ಅದರ ಮೇಲೆ ಒಂದು ರೂಪಾಯೀನೂ ಖರ್ಚು ಮಾಡ್ಬೇಡಿ. ಹಿಂಭಾಗ, ಕೋಡ್, ಟಾರ್ಚ್, ಲ್ಯಾಂಟರ್ನ್, ಒಂದು ಸಂಜೆ ಕೆಲಸ. ಹೆಸರಾಂತ ಫೋಟೋಗ್ರಾಫರ್ ಪ್ರಿಂಟು, ಐವತ್ತು ಸಾವಿರ ಮೇಲೆ ಅಂದ್ರೆ ಇವೆರಡು ಮಾಡಿದ ಮೇಲೆ, ಆ ಪ್ರಿಂಟನ್ನ ಮಾರದೇ ಇರೋ ಒಬ್ಬ ಫೋಟೋ ತಜ್ಞರ ಅಭಿಪ್ರಾಯ ತಗೊಳ್ಳಿ. ಬರೀ ಆಸಕ್ತಿಗೆ, ಲೇಖನಕ್ಕೆ, ಮನೇಲಿ ಸಿಕ್ಕ ಹಳೇ ಫೋಟೋ ಕುತೂಹಲಕ್ಕೆ ಅಂದ್ರೆ ಆರ್ಕೈವ್‌ಗೆ ಬರೀರಿ, ದುಡ್ಡಿಗಿಂತ ತಾಳ್ಮೆ ಬೇಕು ಅಷ್ಟೇ.

ಕಾಸ್ಟ್ಯೂಮ್ ಕೊಳ್ಳೋರಿಗೆ ಯಾವುದೋ ಒಂದು ದಾರಿ ಸಾಲೋದೇ ಇಲ್ಲ. ಕನಿಷ್ಠ ಎರಡು ಬೇರೆ ಬೇರೆ ಕಡೆಯ ಸಾಕ್ಷಿ ಬೇಕು, ಒಂದು ಬಟ್ಟೆಯ ಮೇಲಿನದ್ದು, ಇನ್ನೊಂದು ಕಾಗದದ ಮೇಲಿನದ್ದು. ವಾಷಿಂಗ್ಟನ್‌ನ ಕ್ಯಾಥೊಲಿಕ್ ಯೂನಿವರ್ಸಿಟೀಲಿ 2021ರಲ್ಲಿ ಸಿಕ್ಕ ಡೊರೊಥಿ ಉಡುಪಿನ ವಿಷಯದಲ್ಲಿ ಎರಡೂ ಇತ್ತು. ಸ್ಕರ್ಟಿನ ಬಲಗಡೆ ಕರ್ಚೀಫಿಗೆ ಅಂತ ಇದ್ದ ಗುಟ್ಟಿನ ಜೇಬು, ಒಳಗೆ ಕೈಬರಹದಲ್ಲಿ ಜೂಡಿ ಗಾರ್ಲಂಡ್ ಹೆಸರು, ಉಳಿದಿರೋ ಬೇರೆ ಡೊರೊಥಿ ಉಡುಪುಗಳ ಜೊತೆ ಎಲ್ಲಾ ಹೊಂದ್ತು. ನಟಿ ಮರ್ಸಿಡಿಸ್ ಮೆಕ್‌ಕೇಂಬ್ರಿಡ್ಜ್ 1973ರಲ್ಲಿ ಅಲ್ಲಿನ ನಾಟಕ ವಿಭಾಗದ ಫಾದರ್ ಗಿಲ್ಬರ್ಟ್ ಹಾರ್ಟ್ಕೆಗೆ ಕೊಟ್ಟಿದ್ದು ಅನ್ನೋದೂ ಗೊತ್ತಿತ್ತು. ಇಷ್ಟಾದ್ರೂ 2022ರ ಮೇನಲ್ಲಿ ಬೊನ್‌ಹ್ಯಾಮ್ಸ್ ಹರಾಜಿಗೆ ಮೊದಲೇ ಕೋರ್ಟ್ ತಡೆ ಬಂತು, ಯಾಕಂದ್ರೆ ಕೊಟ್ಟಿದ್ದು ಯೂನಿವರ್ಸಿಟಿಗಾ, ಆ ಪಾದ್ರಿಗಾ ಅಂತ ಅವರ ಕುಟುಂಬದೋರು ಕೇಸ್ ಹಾಕಿದ್ರು. ಉಡುಪು ಅಸಲೀನಾ ಅನ್ನೋದು ಅಲ್ಲಿ ಜಗಳವೇ ಆಗಿರಲಿಲ್ಲ.

ಅದಕ್ಕೇ ದೊಡ್ಡ ಮೊತ್ತದ ವಸ್ತು ಆದ್ರೆ ಕೊಳ್ಳೋ ಮುಂಚೆ ಮಾರೋರಿಂದ ಬರವಣಿಗೇಲಿ ಇಷ್ಟು ತಗೊಳ್ಳಿ: ಸ್ಟುಡಿಯೋದಿಂದ ಹೊರಬಿದ್ದಿದ್ದು ಯಾವಾಗ, ಹೇಗೆ, ಆಮೇಲೆ ಯಾರ ಯಾರ ಕೈ ದಾಟಿ ಬಂತು, ಪ್ರತಿ ಕೈ ಬದಲಾವಣೆಗೂ ಇರೋ ಬಿಲ್ಲು ಅಥವಾ ಹರಾಜು ಕ್ಯಾಟಲಾಗಿನ ಪುಟದ ಕಾಪಿ, ಮಧ್ಯೆ ಎಲ್ಲಾದ್ರೂ ಗ್ಯಾಪ್ ಇದ್ರೆ ಎಷ್ಟು ವರ್ಷದ್ದು, ಮತ್ತೆ ಹಕ್ಕಿನ ತಕರಾರು ಬಂದ್ರೆ ದುಡ್ಡು ವಾಪಸ್ ಕೊಡ್ತೀವಿ ಅನ್ನೋ ಮಾತು. ಗ್ಯಾಪ್ ಇರೋದು ಸಹಜ, ಎಂಬತ್ತು ತೊಂಬತ್ತು ವರ್ಷದ ಬಟ್ಟೆಗೆ ಎಲ್ಲಾ ಬಿಲ್ಲು ಯಾರೂ ಇಟ್ಟಿರಲ್ಲ. ಗ್ಯಾಪ್ ಇದೆ ಅಂತ ಒಪ್ಕೊಂಡು ಬರೆದು ಕೊಡೋರ ಹತ್ರ ಧೈರ್ಯವಾಗಿ ರೇಟು ಮಾತಾಡಿ, ಕತೆ ಕಟ್ಟಿ ಮುಚ್ಚೋರ ಹತ್ರ ಮಾತು ಅಲ್ಲಿಗೇ ನಿಲ್ಲಿಸಿ.